ಅಯೋವಾದ ‘ಟೌನ್‌ಶಿಪ್’ ಅಂದ್ರೆ ಊರಾ?

ಅಮೆರಿಕದ ಅಯೋವಾ ರಾಜ್ಯದ ನಕ್ಷೆಯಲ್ಲಿ ‘ಸ್ಪ್ರಿಂಗ್‌ಡೇಲ್ ಟೌನ್‌ಶಿಪ್’ ಅಂತ ಕಂಡಿತು, ಅದು ಊರಾ, ಅಲ್ಲಿನ ರಸ್ತೆಗಳೆಲ್ಲ ಯಾಕೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿವೆ ಅಂತ ಕೇಳಿದ್ದೀರಿ. ಹತ್ತಿರದ ಅಯೋವಾ ಸಿಟಿಯಲ್ಲಿ ನಾನು ಕೆಲವು ವರ್ಷ ಇದ್ದೆ. ಭಾನುವಾರ ಸುಮ್ನೆ ಕಾರು ತೆಗೆದುಕೊಂಡು ಆ ಕಡೆ ಹೋಗುತ್ತಿದ್ದೆ.

ಅದು ಊರಲ್ಲ, ಜಮೀನಿನ ಒಂದು ಚೌಕ. 1785ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಹೊಸ ಪ್ರದೇಶವನ್ನೆಲ್ಲ ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಅಳೆಯಬೇಕು ಅಂತ. ಒಂದೊಂದರಲ್ಲೂ 36 ಸೆಕ್ಷನ್, ಸೆಕ್ಷನ್ನಿಗೆ 640 ಎಕರೆ. ಆಮೇಲೆ ರೂಢಿಗೆ ಬಂದ ನಂಬರಿಂಗ್ ನನಗೆ ತುಂಬಾ ಇಷ್ಟ. ಈಶಾನ್ಯ ಮೂಲೆಯಲ್ಲಿ 1, ಅಲ್ಲಿಂದ ಪಶ್ಚಿಮಕ್ಕೆ 6. ಅದರ ಕೆಳಗೆ 7, ಮತ್ತೆ ಪೂರ್ವಕ್ಕೆ. ಹೊಲದ ಕೊನೆ ಮುಟ್ಟಿ ಎತ್ತು ತಿರುಗಿಸಿಕೊಂಡು ಬಂದ ಹಾಗೆ, ಅಲ್ವಾ? 16ನೇ ಸೆಕ್ಷನ್ ಶಾಲೆಗೆ ಮೀಸಲು.

ಅಳೆದದ್ದು 66 ಅಡಿ ಸರಪಳಿಯಲ್ಲಿ. 80 ಸರಪಳಿಗೆ ಒಂದು ಮೈಲಿ, ಹತ್ತು ಚದರ ಸರಪಳಿಗೆ ಒಂದು ಎಕರೆ. ಅದರ ಅರ್ಧ, ಅಂದರೆ 33 ಅಡಿಯ ಒಂದು ಚೌಕ ಹಾಕಿ ನೋಡಿ. ಅದೇ ನಮ್ಮ ಒಂದು ಗುಂಟೆ! ಪಹಣಿಯಲ್ಲಿ ಎಕರೆ-ಗುಂಟೆ ನೋಡಿ ಬೆಳೆದ ನನಗೆ ಇದು ಗೊತ್ತಾದ ದಿನ ಆ ಜೋಳದ ಹೊಲಗಳು ಪರಿಚಯದವು ಅನ್ನಿಸಿದವು.

ರಸ್ತೆಗಳು ಈ ಸೆಕ್ಷನ್ ಗೆರೆಗಳ ಮೇಲೇ ಇವೆ. ಮೈಲಿಗೊಂದು ಕ್ರಾಸ್, ಜಲ್ಲಿ ಹಾಸಿದ ದಾರಿ, ಹಿಂದೆ ಬಿಳಿ ಧೂಳು. ಕೆಲವು ಕಡೆ ನೆಟ್ಟಗೆ ಹೋಗುವ ರಸ್ತೆ ಇದ್ದಕ್ಕಿದ್ದಂತೆ ಪಕ್ಕಕ್ಕೆ ತಿರುಗಿ, ಮತ್ತೆ ನೇರವಾಗುತ್ತದೆ. ಭೂಮಿ ಗುಂಡಗಿದೆ, ಉತ್ತರಕ್ಕೆ ಹೋದ ಹಾಗೆ ಗೆರೆಗಳು ಹತ್ತಿರ ಬರುತ್ತವೆ. ಅದನ್ನು ಸರಿಪಡಿಸಿದ ಜಾಗ ಅದು.

ಆಡಳಿತ ಅಂತ ಜಾಸ್ತಿ ಏನಿಲ್ಲ. ಮೂವರು ಟ್ರಸ್ಟಿಗಳು, ಒಬ್ಬ ಕ್ಲರ್ಕ್. ಸ್ಮಶಾನ, ಅಗ್ನಿಶಾಮಕ ವ್ಯವಸ್ಥೆ, ಅಕ್ಕಪಕ್ಕದವರ ಬೇಲಿ ಜಗಳ, ಇಷ್ಟೇ ಅವರ ಕೆಲಸ.

ಸ್ಪ್ರಿಂಗ್‌ಡೇಲ್‌ನಲ್ಲಿ ನೆಲೆಸಿದವರಲ್ಲಿ ತುಂಬಾ ಜನ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಆಯುಧ ಮುಟ್ಟದವರು, ಆದರೆ ಗುಲಾಮಗಿರಿ ಕಂಡರೆ ಸಹಿಸದವರು. 1857ರ ಕೊನೆಯಲ್ಲಿ ಜಾನ್ ಬ್ರೌನ್ ತನ್ನ ಹುಡುಗರನ್ನು ಕರೆದುಕೊಂಡು ಅಲ್ಲಿಗೆ ಬಂದ. ಗುಲಾಮಗಿರಿಯನ್ನು ಬಂದೂಕಿನಿಂದಲೇ ಕೊನೆಗಾಣಿಸಬೇಕು ಅಂದುಕೊಂಡಿದ್ದವನು ಅವನು. ಅವನ ಹುಡುಗರು ಇಡೀ ಚಳಿಗಾಲ ಮ್ಯಾಕ್ಸನ್ ಎಂಬ ರೈತನ ಮನೆಯಲ್ಲಿದ್ದು, ಮರದ ಕತ್ತಿ ಹಿಡಿದು ಕವಾಯತು ಮಾಡಿದರು. ಅಲ್ಲಿನ ಕೋಪಕ್ ಅಣ್ಣತಮ್ಮಂದಿರು, ಎಡ್ವಿನ್ ಮತ್ತು ಬಾರ್ಕ್ಲೇ, ಆಮೇಲೆ ಬ್ರೌನ್ ಜೊತೆ ಸೇರಿದರು. 1859ರಲ್ಲಿ ಬ್ರೌನ್ ಹಾರ್ಪರ್ಸ್ ಫೆರಿಯ ಸರ್ಕಾರಿ ಶಸ್ತ್ರಾಗಾರದ ಮೇಲೆ ದಾಳಿ ಮಾಡಿದ ನಂತರ ಎಡ್ವಿನ್‌ಗೆ ಗಲ್ಲಾಯಿತು, ಬಾರ್ಕ್ಲೇ ತಪ್ಪಿಸಿಕೊಂಡ. ಆಯುಧ ಮುಟ್ಟದ ಮನೆಯ ಮಕ್ಕಳು. ಅವರ ತಾಯಿಯನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ಪಕ್ಕದ ವೆಸ್ಟ್ ಬ್ರಾಂಚ್‌ನಲ್ಲಿ ಮುಂದೆ ಅಧ್ಯಕ್ಷನಾದ ಹರ್ಬರ್ಟ್ ಹೂವರ್ 1874ರಲ್ಲಿ ಹುಟ್ಟಿದ ಮನೆ ಇದೆ. ಬರೀ 14 ಅಡಿಗೆ 20 ಅಡಿ, ಎರಡು ಕೋಣೆ. ಅದರ ಹತ್ತಿರವೇ 81 ಎಕರೆಯಲ್ಲಿ ಹಳೆಯ ಹುಲ್ಲುಗಾವಲನ್ನು ಮತ್ತೆ ಬೆಳೆಸಿದ್ದಾರೆ. ಆಗಸ್ಟಿನಲ್ಲಿ ಹೋದರೆ ಹುಲ್ಲು ನಮ್ಮ ತಲೆಗಿಂತ ಮೇಲಿರುತ್ತದೆ. ಸರಪಳಿ ಬರುವ ಮುಂಚೆ ಅಯೋವಾದ ಬಹುಪಾಲು ನೆಲ ಹೀಗೇ ಇತ್ತು.

ಆಗ ಅಲ್ಲಿದ್ದವರು ಸಾಕ್ ಮತ್ತು ಮೆಸ್ಕ್ವಾಕಿ ಎಂಬ ಮೂಲನಿವಾಸಿ ಜನ. 1832ರಲ್ಲಿ ಸಾಕ್ ನಾಯಕ ಬ್ಲ್ಯಾಕ್ ಹಾಕ್ ಅಮೆರಿಕದ ವಿರುದ್ಧ ಹೋರಾಡಿ ಸೋತ ಯುದ್ಧದ ನಂತರ ಒಂದೊಂದೇ ಒಪ್ಪಂದದಲ್ಲಿ ಜಮೀನು ಅವರ ಕೈ ತಪ್ಪಿತು. ಆಮೇಲೆ ಗೆರೆ ಬಿತ್ತು, ಮಾರಾಟಕ್ಕೆ ಬಂತು. ಬ್ರೌನ್ ಬಂದ ಅದೇ 1857ರಲ್ಲಿ, ಮೆಸ್ಕ್ವಾಕಿಗಳು ಅಯೋವಾದ ಟಾಮಾ ಕೌಂಟಿಯಲ್ಲಿ 80 ಎಕರೆಯನ್ನು ತಾವೇ ದುಡ್ಡು ಕೊಟ್ಟು ಕೊಂಡುಕೊಂಡರು. ಇವತ್ತಿಗೂ ಅಲ್ಲೇ ಇದ್ದಾರೆ.