ಪ್ರಾರ್ಥನೆ ಯಾವ ಕನ್ನಡದಲ್ಲಿ? ಒಂದು ಆಪ್ತಸಲಹೆ ಪ್ರಕರಣ

ಇವರನ್ನು ಇಲ್ಲಿ ಸುನೀತಾ ಎಂದು ಕರೆಯುತ್ತೇನೆ. ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ವಯಸ್ಸು 41. ಧಾರವಾಡದ ಕಡೆಯವರು. ಆಸ್ಪತ್ರೆಯೊಂದರಲ್ಲಿ ನರ್ಸ್. ತಿಂಗಳಿಗೆ ಎಂಟು-ಹತ್ತು ದಿನ ನೈಟ್ ಡ್ಯೂಟಿ. ಮನೆಯಲ್ಲಿ ಗಂಡ, ಅತ್ತೆ, ಪಿಯುಸಿ ಓದುವ ಮಗ, ಏಳನೇ ಕ್ಲಾಸಿನ ಮಗಳು. ಬಂದು ಕೂತವರು ಮೊದಲು ಹೇಳಿದ್ದು ಇಷ್ಟು: "ಅಕ್ಕಾರ, ಪ್ರಾರ್ಥನಾ ಮಾಡಾಕ ಆಗವಲ್ದು. ದೇವ್ರಿಂದ ದೂರ ಆಗೇನಿ ಅನಸ್ತೈತಿ."

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂತು. ಆ ಕಾಲದಿಂದ ಬಂದ ಹಳೆಯ ಕ್ರೈಸ್ತ ಮನೆತನ ಇವರದು. ಅಜ್ಜಿ ದಿನಾ ಸಂಜೆ ಮಕ್ಕಳನ್ನೆಲ್ಲ ಚಾಪೆ ಮೇಲೆ ಕೂರಿಸಿ, ಹಾಡು ಹಾಡಿಸಿ, ಸತ್ಯವೇದ (ಬೈಬಲ್) ಓದಿಸಿ, ಮೊಣಕಾಲೂರಿಸುತ್ತಿದ್ದರಂತೆ. ಸುನೀತಾ ತಮ್ಮನ್ನು ಅಳೆಯುತ್ತಿದ್ದದ್ದು ಆ ಅಜ್ಜಿಯ ಅಳತೆಯಲ್ಲಿ.

ಎರಡು ವರ್ಷದ ಹಿಂದೆ ಭಕ್ತಿಯನ್ನು ಮತ್ತೆ ಚುರುಕುಗೊಳಿಸುವ ಒಂದು ಉಜ್ಜೀವನ ಕೂಟಕ್ಕೆ ಹೋಗಿ ಬಂದು, ದಿನಾ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಒಂದು ಗಂಟೆ ಪ್ರಾರ್ಥಿಸುವುದಾಗಿ ತೀರ್ಮಾನಿಸಿದರು. ನೋಟ್‌ಬುಕ್‌ನಲ್ಲಿ ಅರವತ್ತು ಜನರ ಹೆಸರು ಬರೆದಿಟ್ಟರು. ಮೂರನೇ ವಾರಕ್ಕೆ ಮೊಣಕಾಲೂರಿದಲ್ಲೇ ನಿದ್ದೆ ಬರತೊಡಗಿತು. ತಪ್ಪಿದ ದಿನ ಮನಸ್ಸಿಗೆ ಚುಚ್ಚುತ್ತಿತ್ತು. ಆ ಚುಚ್ಚುವಿಕೆಗೆ ಹೆದರಿ ಮರುದಿನವೂ ಕೂರುತ್ತಿರಲಿಲ್ಲ. ಹೀಗೆ ಹೋಗಿ ಹೋಗಿ, ಭಾನುವಾರ ಚರ್ಚಿನಲ್ಲಿ ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು, ಎಲ್ಲರೂ ಎದ್ದು ಹೋಗುವಾಗ ಇವರು ಬೆಂಚಿನಲ್ಲೇ ಕೂತುಬಿಡುವ ಹಂತಕ್ಕೆ ಬಂದಿತ್ತು. ಇದನ್ನು ಹೇಳುವಾಗ ಮಾತ್ರ ಅತ್ತರು.

ಮೊದಲ ಭೇಟಿಯಲ್ಲಿ ನಾನು ಪ್ರಾರ್ಥನೆಯ ಮಾತೇ ಎತ್ತಲಿಲ್ಲ. ನಿದ್ದೆ ಎಷ್ಟು, ಊಟ ಯಾವಾಗ, ಮುಟ್ಟಿನ ತೊಂದರೆ ಇದೆಯಾ, ಬದುಕೇ ಬೇಡ ಅನ್ನಿಸುತ್ತದಾ ಎಂದು ಕೇಳಿದೆ. ಕೊನೆಯದಕ್ಕೆ ಇಲ್ಲ ಎಂದರು. ನಿದ್ದೆ ಮಾತ್ರ ದಿನಕ್ಕೆ ನಾಲ್ಕೈದು ಗಂಟೆ. ಡಾಕ್ಟರಿಗೆ ತೋರಿಸಲು ಹೇಳಿದೆ. ರಕ್ತ ಕಡಿಮೆ ಇತ್ತು, ಮಾತ್ರೆ ಶುರುವಾಯಿತು. ದಣಿದ ಮೈಯನ್ನು ಅವಿಶ್ವಾಸ ಎಂದು ತಪ್ಪು ತಿಳಿಯುವವರು ನಮ್ಮ ಸಭೆಗಳಲ್ಲಿ (ಚರ್ಚುಗಳಲ್ಲಿ) ಬಹಳ ಜನ ಇದ್ದಾರೆ. ಇದು ನನಗೆ ತುಂಬಾ ನೋವು ಕೊಡುವ ಸಂಗತಿ. ಸಾಯಬೇಕೆಂದು ಗಿಡದ ಕೆಳಗೆ ಬಿದ್ದುಕೊಂಡಿದ್ದ ಬೈಬಲಿನ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ.

ಎರಡನೇ ಭೇಟಿಯಲ್ಲಿ, "ನೀವು ದಿನಾ ಹೇಗೆ ಪ್ರಾರ್ಥಿಸುತ್ತೀರೋ ಹಾಗೇ ಒಂದು ನಿಮಿಷ ಇಲ್ಲಿ ಪ್ರಾರ್ಥಿಸಿ" ಎಂದೆ. ಸೆರಗನ್ನು ತಲೆ ಮೇಲೆ ಎಳೆದುಕೊಂಡರು. ದನಿಯೇ ಬದಲಾಯಿತು. "ಸರ್ವಶಕ್ತನೂ ಪರಿಶುದ್ಧನೂ ಆಗಿರುವ ತಂದೆಯೇ, ಈ ಹೊತ್ತಿನಲ್ಲಿ ನಿನ್ನ ಸನ್ನಿಧಾನಕ್ಕೆ ಬರುತ್ತೇವೆ..." ಒಬ್ಬರೇ ಇದ್ದರೂ "ಬರುತ್ತೇವೆ". ಮೂರನೇ ವಾಕ್ಯಕ್ಕೆ ಮಾತು ನಿಂತುಹೋಯಿತು.

ಆಮೇಲೆ ಕೇಳಿದೆ: "ಇವತ್ತಿನ ಕಷ್ಟವನ್ನು ನಿಮ್ಮ ಅಕ್ಕನಿಗೆ ಫೋನ್ ಮಾಡಿ ಹೇಳೋದಾದ್ರೆ ಹೇಗೆ ಹೇಳ್ತೀರಿ?"

ಒಂದೇ ಉಸಿರಿಗೆ ಬಂತು. "ಸಾಕಾಗೇತಿ ನನಗ. ಹುಡುಗನ ಮ್ಯಾಲೆ ಸಿಟ್ಟ ಮಾಡಿ ಬಂದೇನಿ. ವಾರ್ಡಿನ್ಯಾಗ ಒಬ್ಬ ಮುದುಕಿ ರಾತ್ರಿಯೆಲ್ಲಾ ನನ್ನ ಕೈ ಹಿಡಕೊಂಡ ಮಲಗಿದ್ಲು, ಬಿಡಿಸಿಕೊಂಡ ಬರಾಕ ಮನಸ್ ಆಗಲಿಲ್ಲ."

"ಇದೇ ಪ್ರಾರ್ಥನೆ ಆಗಬಾರದಾ?" ಎಂದೆ.

"ದೇವ್ರ ಜೋಡಿ ಹಂಗ ಮಾತಾಡಬಹುದೇನ್ರಿ?"

ಆ ಪ್ರಶ್ನೆಯಲ್ಲೇ ಇವರ ತೊಡಕಿನ ಬಹುಪಾಲು ಇತ್ತು. ಯೇಸು ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಎದೆ ಒಡೆದು ಪ್ರಾರ್ಥಿಸಿದಾಗ ಬಾಯಿಗೆ ಬಂದದ್ದು "ಅಬ್ಬಾ". ಅದು ಅರಮಾಯಿಕ್ ಮಾತು. ಆ ನಾಡಿನ ಜನ ಮನೆಯಲ್ಲಿ ತಂದೆಯನ್ನು ಕರೆಯುತ್ತಿದ್ದ ಮಾತು. ನಮ್ಮ "ಅಪ್ಪಾ"ದ ಹಾಗೆ. ಬೈಬಲಿನ ಪ್ರಾರ್ಥನಾಗೀತೆಗಳಾದ ಕೀರ್ತನೆಗಳನ್ನು ತೆಗೆದು ನೋಡಿ. 150ರಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳು, ದೂರು, ಇನ್ನೆಷ್ಟು ದಿನ ಅನ್ನುವ ಪ್ರಶ್ನೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಸಮಾಧಾನದ ಒಂದು ಸಾಲೂ ಕೊನೆಗೆ ಬರುವುದಿಲ್ಲ. ಆದರೂ ಅದನ್ನು ಯಾರೂ ತೆಗೆದುಹಾಕಲಿಲ್ಲ, ಅಲ್ವಾ?

ಸಭೆಯ ಗಂಭೀರ ಭಾಷೆ ಬೇಡ ಎಂದು ನಾನು ಹೇಳಲಿಲ್ಲ. ನಮ್ಮ ಮಾತು ಬತ್ತಿದ ದಿನ ಅದೇ ನಮ್ಮನ್ನು ಎತ್ತಿಕೊಂಡು ಹೋಗುತ್ತದೆ. ಆದರೆ ಆ ಭಾಷೆ ಬಂದರೆ ಮಾತ್ರ ಪ್ರಾರ್ಥನೆ ಎಂದುಕೊಂಡರೆ ಅಡುಗೆಮನೆಯಲ್ಲೂ ವಾರ್ಡಿನಲ್ಲೂ ಬಾಯಿ ಕಟ್ಟಿಹೋಗುತ್ತದೆ.

ಕೊಟ್ಟ ಸಲಹೆ ಹೀಗಿತ್ತು. ನಾಲ್ಕೂವರೆಯ ಅಲಾರಾಂ ತೆಗೆಯಿರಿ. ಅರವತ್ತು ಹೆಸರಿನ ನೋಟ್‌ಬುಕ್ ಸದ್ಯಕ್ಕೆ ಮುಚ್ಚಿಡಿ. ಡ್ಯೂಟಿಯಲ್ಲಿ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ಕೈ ತೊಳೆಯುತ್ತೀರಲ್ಲ, ಆಗ ಮುಂದಿನ ರೋಗಿಯ ಹೆಸರು ಹಿಡಿದು ಒಂದು ವಾಕ್ಯ ಸಾಕು, ಮನಸ್ಸಿನಲ್ಲೇ. ಬೈಬಲಿನಲ್ಲಿ ಪರ್ಷಿಯಾದ ಅರಸನ ಸೇವಕ ನೆಹೆಮೀಯನಿಗೆ ಅರಸ "ನಿನಗೇನು ಬೇಕು" ಎಂದು ಕೇಳಿದ. ಆ ಪ್ರಶ್ನೆಗೂ ಅವನ ಉತ್ತರಕ್ಕೂ ನಡುವೆ ಅವನು ಪ್ರಾರ್ಥಿಸಿದ. ಎಷ್ಟು ಹೊತ್ತು ಸಿಕ್ಕೀತು ಅವನಿಗೆ? ಮನೆಗೆ ಹೋಗುವ ಬಸ್ಸಿನಲ್ಲಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ. ಮನಸ್ಸು ಎಲ್ಲಿ ಸಿಕ್ಕಿಕೊಳ್ಳುತ್ತದೋ ಆ ಸಾಲಿನಲ್ಲೇ ನಿಲ್ಲಿ. ಮೊದಲ ಶತಮಾನಗಳ ಕ್ರೈಸ್ತರು ಅದನ್ನು ದಿನಕ್ಕೆ ಮೂರು ಸಲ ಹೇಳುವ ರೂಢಿ ಇಟ್ಟುಕೊಂಡಿದ್ದರು. ನೀವು ಒಂದರಿಂದ ಶುರು ಮಾಡಿ.

ಮೊದಲ ವಾರ ಏನೂ ಆಗಲಿಲ್ಲ. ಪೂರ್ತಿ ಮರೆತೇ ಹೋಗಿತ್ತು. ಎರಡನೇ ವಾರ ಒಂದು ದಿನ ನೆನಪಾಯಿತು, ಮರುದಿನ ಮೂರು ಸಲ. "ಹೆಸರ ಹೇಳಿದ ಮ್ಯಾಲೆ ಪೇಷಂಟಿನ ಮುಖಾ ನೋಡೇ ಮಾತಾಡ್ತೀನಿ" ಎಂದರು.

ಮನೆಯ ಸಂಜೆ ಪ್ರಾರ್ಥನೆ ಜಾಸ್ತಿ ಕಷ್ಟವಾಯಿತು. ಮಗ ಫೋನ್ ಹಿಡಿದು ಎದ್ದು ಹೋಗುತ್ತಿದ್ದ. ಅವನನ್ನೂ ಒಮ್ಮೆ ಕರೆಸಿ ಮಾತಾಡಿದೆ. ಅವನು ಹೇಳಿದ್ದನ್ನು ನಾನು ಬೇರೆ ತಾಯಂದಿರಿಗೂ ಹೇಳುತ್ತಿರುತ್ತೇನೆ. "ಅವ್ವ ದೇವ್ರ ಜೋಡಿ ಮಾತಾಡೂದಿಲ್ರಿ. ದೇವ್ರ ಹೆಸರಿನ್ಯಾಗ ನನಗ ಬೈತಾಳ. ಇವನಿಗೆ ಬುದ್ಧಿ ಕೊಡು, ಓದೂ ಮನಸ್ ಕೊಡು ಅಂತ." ಸುನೀತಾ ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ನಿಯಮ ಮಾಡಿಕೊಂಡರು: ಮಗನ ಎದುರು ಮಗನ ತಪ್ಪನ್ನು ಪ್ರಾರ್ಥನೆಯಲ್ಲಿ ತರುವುದಿಲ್ಲ. ಊಟಕ್ಕೆ ಮುಂಚೆ ಹತ್ತೇ ನಿಮಿಷ. ಒಬ್ಬೊಬ್ಬರು ಒಂದು ಮಾತು, ಬೇಕಾದರೆ ಸುಮ್ನೆ ಕೂರಬಹುದು. ಇಷ್ಟು ಚಿಕ್ಕದಾದರೆ ಪ್ರಾರ್ಥನೆ ಅನ್ನಿಸುವುದಿಲ್ಲ ಎಂದು ಅತ್ತೆ ಬೇಸರ ಮಾಡಿಕೊಂಡರು. ಅವರಿಗಾಗಿ ಭಾನುವಾರ ಸಂಜೆ ಹಳೆಯ ಪದ್ಧತಿಯಂತೆ ಹಾಡು, ಓದು ಎಲ್ಲ ಇಟ್ಟುಕೊಂಡರು. ಮಗ ಈಗ ಕೂರುತ್ತಾನೆ. ಮಾತು ಮಾತ್ರ ಇನ್ನೂ ಆಡಿಲ್ಲ. ಆಡಿಸಬೇಡಿ ಎಂದು ಹೇಳಿದ್ದೇನೆ.

ಕರ್ತನ ಭೋಜನಕ್ಕೆ ಹೋಗಿ ಎಂದು ನಾನು ಒತ್ತಾಯ ಮಾಡಲಿಲ್ಲ. ಅವರ ಒಪ್ಪಿಗೆ ಪಡೆದು ಸಭಾಪಾಲಕರ ಜೊತೆ ಮಾತಾಡಿದೆ. ಯೋಗ್ಯತೆ ಸಂಪಾದಿಸಿ ಬರುವ ಜಾಗ ಅದಲ್ಲ, ಹಸಿದವರು ಬರುವ ಜಾಗ ಎಂದು ಅವರು ಮನೆಗೇ ಹೋಗಿ ಹೇಳಿದರಂತೆ. ನಾಲ್ಕನೇ ತಿಂಗಳು ಸುನೀತಾ ಬೆಂಚಿನಿಂದ ಎದ್ದರು.

ಈಗ ಎರಡು ತಿಂಗಳಿಗೊಮ್ಮೆ ಬರುತ್ತಾರೆ. ನೈಟ್ ಡ್ಯೂಟಿಯ ವಾರ ಎಲ್ಲವೂ ತಪ್ಪುತ್ತದೆ, ಆಮೇಲೆ ಮತ್ತೆ ಹಿಡಿಯುತ್ತಾರೆ. ಹೋದ ಸಲ ಬಂದಾಗ ಹೊಸದೊಂದು ಹೇಳಿದರು. ಆಸ್ತಿ ವಿಷಯಕ್ಕೆ ಆರು ವರ್ಷದಿಂದ ಮಾತು ಬಿಟ್ಟಿರುವ ತಮ್ಮ ಒಬ್ಬನಿದ್ದಾನೆ. ಬಸ್ಸಿನಲ್ಲಿ ಕರ್ತನ ಪ್ರಾರ್ಥನೆ ಹೇಳುವಾಗ, ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದರೆ ಅವನ ಮುಖ ಎದುರಿಗೆ ಬಂದು ಮಾತು ಮುಂದೆ ಹೋಗುವುದಿಲ್ಲ. "ಏನ್ ಮಾಡ್ಲಿ ಅಕ್ಕಾರ, ದಾಟಿ ಮುಂದ ಹೋಗ್ಲಿ?"

ದಾಟಬೇಡಿ, ಅಲ್ಲೇ ನಿಂತು ಅವನ ಹೆಸರನ್ನಷ್ಟೇ ಹೇಳಿ, ಸದ್ಯಕ್ಕೆ ಬೇರೇನೂ ಬೇಡ ಎಂದೆ.