ಅವಳಿಗಳಾದರೂ ಅವರು ಇಬ್ಬರು

ಓದುಗರ ಪತ್ರ: ನಾವು ಕಥೋಲಿಕರು, ಹಾಸನದಲ್ಲಿದ್ದೇವೆ. ನನಗೆ ಖಾಸಗಿ ಕಂಪನಿಯಲ್ಲಿ ಕೆಲಸ. ಮೂರು ವರ್ಷದ ಅವಳಿ ಗಂಡು ಮಕ್ಕಳಿದ್ದಾರೆ. ಭಾನುವಾರ ಚರ್ಚಿನ ಪೂಜೆಗೆ ಕರೆದುಕೊಂಡು ಹೋದರೆ ಒಬ್ಬ ಆ ಕಡೆ, ಒಬ್ಬ ಈ ಕಡೆ ಓಡುತ್ತಾರೆ. ಹಿರಿಯರೊಬ್ಬರು ‘ದೊಡ್ಡವರಾದ ಮೇಲೆ ಕರ್ಕೊಂಡ್ ಬನ್ನಿ’ ಅಂದರು. ಆಮೇಲೆ ನಾನು, ನನ್ನ ಹೆಂಡತಿ ಸರದಿಯಲ್ಲಿ ಹೋಗುತ್ತಿದ್ದೇವೆ. ಕೆಲವು ವಾರ ಇಬ್ಬರಿಗೂ ಆಗುವುದಿಲ್ಲ. ಪಾಪವಾಯಿತೇನೋ ಎಂಬ ಭಯ. ಮನೆಯಲ್ಲಿ ಎಲ್ಲರೂ ದೊಡ್ಡವನನ್ನು ಜಾಣ ಅನ್ನುತ್ತಾರೆ, ಚಿಕ್ಕವನನ್ನು ಮಂಕು ಅನ್ನುತ್ತಾರೆ. ಚಿಕ್ಕವನಿಗೆ ಮಾತು ಕಡಿಮೆ. ‘ನೀರು ಬೇಕಾ’ ಅಂತ ಅವನನ್ನು ಕೇಳಿದರೆ ದೊಡ್ಡವನೇ ‘ಅವ್ನಿಗೆ ಬೇಕು’ ಅಂತಾನೆ. ಮಕ್ಕಳಿಗೆ ನಾನು ಸ್ನಾನ ಮಾಡಿಸಿ ಊಟ ಮಾಡಿಸಿದರೆ ನೆಂಟರು ಆಡಿಕೊಳ್ಳುತ್ತಾರೆ. ರಾತ್ರಿ ಮಣಿ ಎಣಿಸಿ ಹೇಳುವ ಜಪಸರ ಪೂರ್ತಿ ಆಗಲೇಬೇಕು ಅಂತ ಅಮ್ಮನ ಹಟ. ಮಕ್ಕಳು ಕೂರುವುದಿಲ್ಲ. ಏನು ಮಾಡಲಿ? (ಹೆಸರು ಬೇಡ)

ಸಂಪಾದಕರ ಉತ್ತರ:

ಮೊದಲು ನಿಮ್ಮ ಭಯದ ಮಾತು. ಎಳೆಯ ಮಕ್ಕಳನ್ನು ನೋಡಿಕೊಳ್ಳಬೇಕಾಗಿ ಬಂದು ಪೂಜೆಗೆ ಹೋಗಲಾಗದಿದ್ದರೆ ಅದು ಪಾಪವಲ್ಲ. ಇದು ನಾನು ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ. ಭಾನುವಾರದ ಪೂಜೆಯ ಬಗ್ಗೆ ಹೇಳುವಲ್ಲೇ ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಧರ್ಮೋಪದೇಶ ಗ್ರಂಥ ಕಾಯಿಲೆಯನ್ನೂ ಶಿಶುಗಳ ಆರೈಕೆಯನ್ನೂ ಒಪ್ಪತಕ್ಕ ಕಾರಣಗಳು ಅಂತ ಹೆಸರಿಸಿ ಹೇಳಿದೆ. ಇನ್ನು ಮಕ್ಕಳ ವಿಷಯ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಏಳು ವರ್ಷ ತುಂಬದ ಮಗುವಿಗೆ ಭಾನುವಾರ ಪೂಜೆಗೆ ಹೋಗಲೇಬೇಕೆಂಬ ಕಟ್ಟಳೆ ಇಲ್ಲವೇ ಇಲ್ಲ. ಹಾಗಾಗಿ ನಿಮ್ಮ ಸರದಿ ವ್ಯವಸ್ಥೆ ಸರಿಯಾಗೇ ಇದೆ. ಒಂದು ವಾರ ತಪ್ಪಿದರೆ ಅದನ್ನೇ ಎದೆಯಲ್ಲಿ ಇಟ್ಟುಕೊಂಡು ಕೊರಗಬೇಡಿ.

ಆದರೆ ಮಕ್ಕಳನ್ನು ಕರೆದುಕೊಂಡು ಹೋಗುವುದನ್ನು ಪೂರ್ತಿ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಆ ಹಿರಿಯರು ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಅವರಿಗೂ ವಾರಕ್ಕೊಂದು ಗಂಟೆ ನೆಮ್ಮದಿ ಬೇಕು, ಅಲ್ವಾ? ಆದರೂ ಚಿಕ್ಕ ಮಕ್ಕಳು ಬರಬಾರದು ಅನ್ನುವ ಹಕ್ಕು ಯಾರಿಗೂ ಇಲ್ಲ. ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಯೇಸು ಸಿಟ್ಟಾದರು ಅಂತ ಮಾರ್ಕನ ಶುಭಸಂದೇಶದಲ್ಲೇ ಇದೆ. 2014ರ ಜನವರಿಯಲ್ಲಿ ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್‌ನಲ್ಲಿ ಶಿಶುಗಳಿಗೆ ಜ್ಞಾನಸ್ನಾನ ಕೊಡುವಾಗ ಪೋಪ್ ಫ್ರಾನ್ಸಿಸರು, ಮಗುವಿಗೆ ಹಸಿವಾಗಿದ್ದರೆ ಇಲ್ಲೇ ಹಾಲು ಕುಡಿಸಿ, ಸಂಕೋಚ ಬೇಡ ಅಂತ ತಾಯಂದಿರಿಗೆ ಹೇಳಿದ್ದರು. ಅಂಥ ಜಾಗದಲ್ಲೇ ಮಗು ಅಳಬಹುದು, ಹಾಲು ಕುಡಿಯಬಹುದು. ಹಾಸನದಲ್ಲಿ ಓಡಾಡಬಾರದೇ?

ದಾರಿ ಇದೆ. ಮಕ್ಕಳ ಪೂಜೆಗಳ ಬಗ್ಗೆ 1973ರಲ್ಲಿ ರೋಮಿನಿಂದ ಒಂದು ಮಾರ್ಗದರ್ಶಿ ಬಂತು. ತೀರಾ ಚಿಕ್ಕವರನ್ನು ಪೂಜೆ ನಡೆಯುವಷ್ಟು ಹೊತ್ತು ಬೇರೆ ಜಾಗದಲ್ಲಿ ಯಾರಾದರೂ ನೋಡಿಕೊಂಡು, ಕೊನೆಯಲ್ಲಿ ಎಲ್ಲರ ಜೊತೆ ಆಶೀರ್ವಾದಕ್ಕೆ ಒಳಗೆ ಕರೆತರಬಹುದು ಅಂತ ಅದರಲ್ಲಿದೆ. ನಿಮ್ಮ ಫಾದರ್ ಹತ್ತಿರ ಇದನ್ನು ಹೇಳಿ ನೋಡಿ. ಯುವಜನರಲ್ಲಿ ಇಬ್ಬರು ಮೂವರು ಸರದಿಯಲ್ಲಿ ಈ ಕೆಲಸ ವಹಿಸಿಕೊಂಡರೆ ನಿಮಗಷ್ಟೇ ಅಲ್ಲ, ಊರಿನ ಇನ್ನೂ ಹತ್ತಾರು ತಾಯಂದಿರಿಗೆ ಉಪಕಾರ. ಅದು ಆಗುವವರೆಗೆ ನನ್ನದೊಂದು ಸಲಹೆ. ಒಂದು ವಾರ ಒಬ್ಬನನ್ನೇ ಕರೆದುಕೊಂಡು ಹೋಗಿ, ಮುಂದಿನ ವಾರ ಇನ್ನೊಬ್ಬನನ್ನು. ಹಿಂದಿನ ಬಾಗಿಲ ಹತ್ತಿರ ನಿಲ್ಲಬೇಡಿ, ಮುಂದಿನ ಬೆಂಚಿನಲ್ಲೇ ಕೂರಿ. ಹಿಂದೆ ನಿಂತ ಮಗುವಿಗೆ ಜನರ ಬೆನ್ನು ಬಿಟ್ಟರೆ ಏನು ಕಾಣುತ್ತದೆ? ಮುಂದೆ ಕೂತರೆ ಮೇಣದ ಬತ್ತಿ ಕಾಣುತ್ತದೆ. ಪೀಠಸೇವೆಯ ಹುಡುಗ ಗಂಟೆ ಬಾರಿಸುವುದು ಕಾಣುತ್ತದೆ. ಫಾದರ್ ಬಟ್ಟಲು ಎತ್ತಿ ಹಿಡಿಯುವುದು ಕಾಣುತ್ತದೆ.

ಒಬ್ಬೊಬ್ಬನನ್ನೇ ಕರೆದುಕೊಂಡು ಹೋಗಿ ಅಂದಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಪೂಜೆಯ ವಿಷಯವಲ್ಲ. ‘ಮಂಕು’ ಅಂತ ಬರೆದಿರಿ ನೋಡಿ, ಅದು.

ಬೈಬಲಿನ ಆದಿಕಾಂಡದ 25ನೇ ಅಧ್ಯಾಯವನ್ನು ಮನೆಯವರ ಮುಂದೆ ಒಮ್ಮೆ ಗಟ್ಟಿಯಾಗಿ ಓದಿ. ಇಸಾಕನಿಗೆ ಮದುವೆಯಾದಾಗ ನಲವತ್ತು. ಅವಳಿಗಳಾದ ಏಸಾವ, ಯಕೋಬ ಹುಟ್ಟಿದಾಗ ಅರವತ್ತು. ಇಪ್ಪತ್ತು ವರ್ಷ ಕಾದು, ಬೇಡಿಕೊಂಡು ಪಡೆದ ಮಕ್ಕಳು. ಅಂಥ ಮನೆಯಲ್ಲೂ ಏನಾಯಿತು? ಬೇಟೆಯ ಮಾಂಸ ರುಚಿಯಾಗಿತ್ತು ಅಂತ ಅಪ್ಪನಿಗೆ ಏಸಾವನ ಮೇಲೆ ಪ್ರೀತಿ ಜಾಸ್ತಿ. ಅಮ್ಮನಿಗೆ ಯಕೋಬನ ಮೇಲೆ. ಒಬ್ಬೊಬ್ಬರು ಒಬ್ಬೊಬ್ಬನನ್ನು ಹಂಚಿಕೊಂಡುಬಿಟ್ಟರು. ಅಣ್ಣ ತಮ್ಮನನ್ನು ಕೊಲ್ಲುತ್ತೇನೆ ಅನ್ನುವ ಮಟ್ಟಕ್ಕೆ ಹೋಯಿತು. ಯಕೋಬ ಹಾರಾನ್ ಎಂಬ ಊರಿಗೆ ಓಡಿಹೋಗಿ ಇಪ್ಪತ್ತು ವರ್ಷ ಮಾವನ ಮನೆಯಲ್ಲಿ ದುಡಿದ. ಸ್ವಲ್ಪ ದಿನ ಇದ್ದು ಬಾ ಅಂತ ಕಳಿಸಿದ ಅಮ್ಮ ರೆಬೆಕ್ಕ, ಆ ಮಗನನ್ನು ಮತ್ತೆ ನೋಡಿದಳು ಅಂತ ಬೈಬಲಿನಲ್ಲಿ ಎಲ್ಲೂ ಇಲ್ಲ. ಈ ಕತೆಯನ್ನು ಓದುವಾಗ ನಾವು ಏಸಾವ ಹುಗ್ಗಿಯ ಬಟ್ಟಲಿಗೆ ಮಾರಿದ ಹಿರಿತನ, ಯಕೋಬ ಅಪ್ಪನಿಗೆ ಮಾಡಿದ ಮೋಸ ಅಂತೆಲ್ಲ ಮಾತಾಡುತ್ತೇವೆ. ಅಪ್ಪ ಅಮ್ಮನ ಆ ಒಂದು ಸಾಲನ್ನು ಮಾತ್ರ ಬೇಗ ದಾಟಿಬಿಡುತ್ತೇವೆ.

ನಿಮ್ಮ ಮನೆಯಲ್ಲಿ ಯಾರೂ ಬೇಕಂತ ಹಾಗೆ ಮಾಡುತ್ತಿಲ್ಲ, ಗೊತ್ತು. ಬೇರೆ ಬೇರೆ ವಯಸ್ಸಿನ ಅಣ್ಣ ತಮ್ಮಂದಿರಾದರೆ ‘ಇವನಿನ್ನೂ ಚಿಕ್ಕವನು’ ಅನ್ನುವ ರಕ್ಷಣೆ ಇರುತ್ತದೆ. ಅವಳಿಗಳಿಗೆ ಅದು ಇಲ್ಲ. ಹುಟ್ಟಿದ ದಿನದಿಂದ ಪಕ್ಕದಲ್ಲೇ ಒಂದು ಅಳತೆ ಕೋಲು ಮಲಗಿರುತ್ತದೆ. ಮೂರು ವರ್ಷದ ಮಗುವಿಗೆ ಮಾತು ಕಡಿಮೆ ಇರಬಹುದು, ಆದರೆ ಮನೆಯಲ್ಲಿ ತನಗೆ ಇಟ್ಟ ಹೆಸರು ಅದಕ್ಕೆ ಚೆನ್ನಾಗಿ ಅರ್ಥವಾಗುತ್ತದೆ. ಆ ಎರಡೂ ಹೆಸರನ್ನು ಇವತ್ತೇ ನಿಲ್ಲಿಸಿ. ಜಾಣ ಅನ್ನುವುದನ್ನೂ ನಿಲ್ಲಿಸಿ. ಅದು ದೊಡ್ಡವನಿಗೂ ಭಾರವೇ.

ಚಿಕ್ಕವನ ಮಾತಿನ ವಿಷಯ ಬೇರೆ, ಅದನ್ನು ಸುಮ್ನೆ ಬಿಡಬೇಡಿ. ಅವಳಿ ಮಕ್ಕಳಿಗೆ ಮಾತು ಸ್ವಲ್ಪ ತಡವಾಗಿ ಬರುವುದು ಇದ್ದದ್ದೇ. ಇಬ್ಬರ ಜೊತೆ ಒಟ್ಟಿಗೇ ಮಾತಾಡಿ ಮುಗಿಸುತ್ತೇವೆ. ಒಬ್ಬೊಬ್ಬನ ಪಾಲಿಗೆ ಬರುವ ಮಾತು ಅರ್ಧ. ನಿಮ್ಮಲ್ಲಿ ದೊಡ್ಡವನು ತಮ್ಮನ ಉತ್ತರವನ್ನೂ ತಾನೇ ಕೊಡುತ್ತಿದ್ದಾನೆ. ನೀರು ತಾನಾಗೇ ಕೈಗೆ ಬರುವಾಗ ಅವನಿಗೆ ಬಾಯಿ ತೆರೆಯುವ ಅಗತ್ಯವೇ ಇಲ್ಲವಲ್ಲ! ದೊಡ್ಡವನನ್ನು ಬೈಯದೆ, ‘ನೀನು ಹೇಳಿದ್ದು ಕೇಳಿಸ್ತು ಕಂದ, ಈಗ ತಮ್ಮ ಹೇಳಲಿ’ ಅನ್ನಿ. ಅನ್ನಿ, ಆಮೇಲೆ ಕಾಯಿರಿ. ಚಿಕ್ಕವನ ಮುಖ ನೋಡುತ್ತಾ ಕಾಯಿರಿ. ದಿನಕ್ಕೆ ಸ್ವಲ್ಪ ಹೊತ್ತು ಅವನೊಬ್ಬನನ್ನೇ ಅಂಗಡಿಗೋ ಟೆರೇಸಿಗೋ ಕರೆದುಕೊಂಡು ಹೋಗಿ.

ಜೊತೆಗೆ ಒಮ್ಮೆ ಪರೀಕ್ಷೆಯನ್ನೂ ಮಾಡಿಸಿ. ಸಾಮಾನ್ಯವಾಗಿ ಎರಡು ವರ್ಷದ ಹೊತ್ತಿಗೆ ಮಕ್ಕಳು ‘ಅಮ್ಮ ಬಾ’, ‘ನೀರು ಬೇಕು’ ಅಂತ ಎರಡು ಪದ ಸೇರಿಸಿ ಮಾತಾಡುತ್ತಾರೆ. ಮೂರಕ್ಕೂ ಅಷ್ಟು ಬಂದಿಲ್ಲವಾದರೆ ಕಿವಿ ಸರಿಯಾಗಿ ಕೇಳಿಸುತ್ತಿದೆಯಾ ಅಂತ ಮೊದಲು ನೋಡಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೇಂದ್ರ ಸರ್ಕಾರದ್ದು. ಈ ಕೆಲಸಕ್ಕೆ ದೇಶದ ಬೇರೆ ಬೇರೆ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ. ನಿಮಗಂತೂ ಹಾಸನದಿಂದ ಬೆಳಗ್ಗೆ ಹೊರಟರೆ ಸಂಜೆಗೆ ಮನೆ. ‘ಅವಳಿಗಳು ಹಾಗೇ, ತಾನಾಗೇ ಬರುತ್ತೆ’ ಅಂತ ಯಾರಾದರೂ ಹೇಳಿದರೂ ಹೋಗಿ ಬನ್ನಿ.

ನೆಂಟರ ಮಾತಿಗೆ ಜಾಸ್ತಿ ಬರೆಯುವುದಿಲ್ಲ. ಮಕ್ಕಳನ್ನು ಮೀಯಿಸಿ ಉಣ್ಣಿಸುವ ನೀವು ಹೆಂಡತಿಗೆ ಸಹಾಯ ಮಾಡುತ್ತಿಲ್ಲ, ಅಪ್ಪನ ಕೆಲಸ ಮಾಡುತ್ತಿದ್ದೀರಿ. ನನಗೆ ಬೇಸರವಿರುವುದು ಕಾನೂನಿನ ಮೇಲೆ. 2017ರ ತಿದ್ದುಪಡಿಯಿಂದ ತಾಯಿಗೆ ಮೊದಲೆರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ ಸಿಕ್ಕಿತು, ಒಳ್ಳೆಯದೇ. ಕೇಂದ್ರ ಸರ್ಕಾರದ ನೌಕರನಾದ ತಂದೆಗೆ 15 ದಿನ ಇದೆ. ನಿಮ್ಮಂತೆ ಖಾಸಗಿಯಲ್ಲಿ ದುಡಿಯುವ ತಂದೆಗೆ ಕಡ್ಡಾಯವಾಗಿ ಕೊಡಬೇಕು ಅನ್ನುವ ಕಾನೂನೇ ಇಲ್ಲ. ಒಟ್ಟಿಗೆ ಎರಡು ಕೂಸು ಬಂದ ಮನೆಯಲ್ಲಿ ಅಪ್ಪ ಮಾರನೆಯ ದಿನ ಕೆಲಸಕ್ಕೆ ಹೋಗಬೇಕೆಂದರೆ ಆ ಬಾಣಂತಿಯ ಗತಿಯೇನು? ನಮ್ಮ ಧರ್ಮಕೇಂದ್ರಗಳ ಕುಟುಂಬ ಆಯೋಗಗಳು ಇದನ್ನು ದೊಡ್ಡ ದನಿಯಲ್ಲಿ ಕೇಳಬೇಕು.

ಕೊನೆಗೆ ಅಮ್ಮನ ಜಪಸರ. ಅಮ್ಮನ ಆಸೆ ದೊಡ್ಡದು, ಅದನ್ನು ನೋಯಿಸಬೇಡಿ. ಮಕ್ಕಳು ಎಚ್ಚರವಿರುವಾಗ ಜಪಸರದ ಐದು ಭಾಗಗಳಲ್ಲಿ ಒಂದೇ ಒಂದು ರಹಸ್ಯ, ಅಂದರೆ ಹತ್ತು ‘ನಮೋ ಮರಿಯಾ’ ಸಾಕು. ಒಬ್ಬನಿಗೆ ಮೇಣದ ಬತ್ತಿ ಆರಿಸುವ ಕೆಲಸ, ಇನ್ನೊಬ್ಬನಿಗೆ ಮಾತೆಯ ಪಟಕ್ಕೆ ಹೂವಿಡುವ ಕೆಲಸ. ಮರುದಿನ ಅದಲು ಬದಲು ಮಾಡಿ. ಅವರು ಮಲಗಿದ ಮೇಲೆ ಉಳಿದ ನಾಲ್ಕನ್ನು ಅಮ್ಮನ ಪಕ್ಕ ಕೂತು ನೀವೇ ಮುಗಿಸಿ. ಅಮ್ಮ ಒಪ್ಪುತ್ತಾರೆ ಅಂತ ನನಗೆ ನಂಬಿಕೆ ಇದೆ. ಸೆಪ್ಟೆಂಬರ್ 8ರ ಮಾತೆ ಮರಿಯಳ ಹುಟ್ಟುಹಬ್ಬಕ್ಕೆ ಮುಂಚಿನ ನೊವೇನಾದಲ್ಲಿ, ಅಂದರೆ ಒಂಬತ್ತು ದಿನದ ಪ್ರಾರ್ಥನೆಯಲ್ಲಿ, ಮಕ್ಕಳು ಹೂವು ಒಯ್ಯುವ ರೂಢಿ ನಿಮ್ಮ ಚರ್ಚಿನಲ್ಲೂ ಇದ್ದರೆ, ಇಬ್ಬರಿಗೂ ಸೇರಿಸಿ ಒಂದು ಬುಟ್ಟಿ ಕೊಡಬೇಡಿ. ಎರಡು ಕೊಡಿ.

ಮೈಸೂರಿನಲ್ಲಿ ಏನಂದರು ಅಂತ ತಪ್ಪದೆ ಬರೆಯಿರಿ.