ಕರೆಂಟ್ ಕೊಟ್ಟ ಕುತ್ತಿಗೆ ಮರದ ಹಾಗೆ ಬಿಗಿದಿದೆ, ಸಡಿಲ ಆಗುತ್ತದಾ?

ಪ್ರಶ್ನೆ: ಮೇಡಂ, ನನಗೆ 54 ವರ್ಷ. ಕಾಪುವಿನಲ್ಲಿ ರಿಕ್ಷಾ ಓಡಿಸುತ್ತೇನೆ. 2019ರಲ್ಲಿ ಎಡಗೆನ್ನೆಯ ಒಳಗೆ ಕ್ಯಾನ್ಸರ್ ಆಗಿ ಆಪರೇಷನ್ ಮಾಡಿದರು. ಕುತ್ತಿಗೆಯ ಗಂಟುಗಳನ್ನೂ ತೆಗೆದರು. ಆಮೇಲೆ 33 ಸಲ ಕರೆಂಟ್ ಕೊಟ್ಟರು. ಮೊದಲ ಎರಡು ವರ್ಷ ಚೆನ್ನಾಗಿಯೇ ಇದ್ದೆ. ಈಗ ಎಡಬದಿ ಕುತ್ತಿಗೆ ಮರದ ಹಾಗೆ ಗಟ್ಟಿ. ರಿವರ್ಸ್ ತೆಗೆಯುವಾಗ ತಿರುಗಿ ನೋಡಲು ಆಗುವುದಿಲ್ಲ, ಇಡೀ ಮೈಯನ್ನೇ ತಿರುಗಿಸಬೇಕು. ಬಾಯಿಯೊಳಗೆ ಎರಡು ಬೆರಳು ಮಾತ್ರ ಹೋಗುತ್ತದೆ. ಪರಿಚಯದವರೊಬ್ಬರು ಬಿಸಿ ಎಣ್ಣೆ ಹಾಕಿ ಜೋರಾಗಿ ತಿಕ್ಕಿದರು, ಚರ್ಮ ಕಿತ್ತು ಬಂತು. ಕ್ಯಾನ್ಸರ್ ವಾಪಸ್ ಬಂತಾ ಅಂತ ರಾತ್ರಿ ನಿದ್ದೆ ಇಲ್ಲ. ಹೊಗೆಸೊಪ್ಪು ಬಿಟ್ಟಿದ್ದೇನೆ, ಊಟ ಆದ ಮೇಲೆ ಬರೀ ಎಲೆ-ಅಡಿಕೆ ಮಾತ್ರ. ಇದು ಸರಿ ಆಗುತ್ತದಾ?
– ಹೆಸರು ಬೇಡ, ಕಾಪು

ಉತ್ತರ: ಅಣ್ಣ, ಮೊದಲು ನಿಮ್ಮ ನಿದ್ದೆಯ ವಿಷಯ. ನೀವು ಬರೆದದ್ದನ್ನು ನೋಡಿದರೆ ಇದು ಕರೆಂಟ್, ಅಂದರೆ ರೇಡಿಯೇಷನ್, ಆದವರಿಗೆ ತಡವಾಗಿ ಬರುವ ಬಿಗಿತದ ಹಾಗೇ ಕಾಣುತ್ತದೆ. ಡಾಕ್ಟರುಗಳು ಇದನ್ನು ಫೈಬ್ರೋಸಿಸ್ ಅನ್ನುತ್ತಾರೆ. ಆದರೆ ಕಾಗದ ಓದಿ ಅಷ್ಟನ್ನು ಖಚಿತವಾಗಿ ಹೇಳುವುದು ತಪ್ಪು. ಆಪರೇಷನ್ ಮಾಡಿದ ಡಾಕ್ಟರಿಗೆ ಈ ವಾರವೇ ತೋರಿಸಿ. ಹೊಸ ಗಂಟು, ಮಾಯದ ಹುಣ್ಣು, ಕಿವಿಗೆ ಹೊಡೆಯುವ ನೋವು, ಸ್ವರ ಬದಲಾಗುವುದು, ಇವುಗಳಲ್ಲಿ ಒಂದು ಇದ್ದರೂ ನಾಳೆಯೇ ಹೋಗಿ. ಅವರು ಕೈಯಿಟ್ಟು ನೋಡಿ ಏನೂ ಇಲ್ಲ ಅಂದರೆ ಆ ರಾತ್ರಿ ನಿದ್ದೆ ಬರುತ್ತದೆ.

ಎರಡು ವರ್ಷ ಸುಮ್ಮನಿದ್ದು ಈಗ ಯಾಕೆ ಬಿಗಿಯಿತು? ಕರೆಂಟ್ ಕ್ಯಾನ್ಸರ್ ಕಣಗಳನ್ನು ಕೊಲ್ಲುವಾಗ ಪಕ್ಕದ ಒಳ್ಳೆಯ ಮಾಂಸಕ್ಕೂ ಸಣ್ಣ ರಕ್ತನಾಳಗಳಿಗೂ ಪೆಟ್ಟು ಬೀಳುತ್ತದೆ. ಮೈ ಅದನ್ನು ದಪ್ಪ ನಾರಿನಿಂದ ರಿಪೇರಿ ಮಾಡುತ್ತದೆ. ಸಾಮಾನ್ಯ ಗಾಯದಲ್ಲಿ ಈ ಕೆಲಸ ಒಂದು ಹಂತಕ್ಕೆ ನಿಲ್ಲುತ್ತದೆ. ಇಲ್ಲಿ ನಿಲ್ಲದೆ ವರ್ಷಗಟ್ಟಲೆ ಮೆಲ್ಲಗೆ ನಡೆಯುತ್ತಲೇ ಇರುತ್ತದೆ. ಎಳೆ ಬೊಂಡದ ಮೆತ್ತಗಿನ ಸಿಪ್ಪೆ ಬಲಿತು ನಾರಾಗುತ್ತದಲ್ವಾ, ಹಾಗೆ. ಮುಟ್ಟಿದರೆ ಗೊತ್ತಾಗುತ್ತದೆ: ಚರ್ಮ ಬೆರಳಿನ ಜೊತೆ ಜಾರುವುದಿಲ್ಲ, ಕೆಳಗಿನ ಮಾಂಸಕ್ಕೆ ಅಂಟಿಕೊಂಡಿರುತ್ತದೆ.

ತಿಕ್ಕಿಸಿಕೊಂಡದ್ದಕ್ಕೆ ನಿಮ್ಮನ್ನು ಬೈಯುವುದಿಲ್ಲ. ನಾನೇ ಆ ತಪ್ಪು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೀನು ಮಾರುವ ಅಮ್ಮ ಒಬ್ಬರು ಬಂದಿದ್ದರು, ನಿಮ್ಮ ಹಾಗೇ ಬಿಗಿದ ಕುತ್ತಿಗೆ. ಜೋರು ಮಾಡಿದಷ್ಟು ಬೇಗ ಬಿಡುತ್ತದೆ ಅಂತ ನಾನು ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಎಳೆದೆ. ಆಮೇಲೆ ಮೂರು ವಾರ ಅವರು ಬರಲೇ ಇಲ್ಲ. ಬಂದ ದಿನ ಆ ಸೆಕೆಯಲ್ಲೂ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದರು. ಸರಿಸಿ ನೋಡಿದರೆ ನನ್ನ ಹೆಬ್ಬೆರಳು ಬಿದ್ದ ಜಾಗ ಇನ್ನೂ ಕಪ್ಪಗಿತ್ತು. ಒಂದು ಮಾತೂ ಬೈಯಲಿಲ್ಲ ಅವರು. ರೇಡಿಯೇಷನ್ ಆದ ಚರ್ಮಕ್ಕೆ ರಕ್ತ ಕಡಿಮೆ, ಗಾಯವಾದರೆ ಮಾಯಲು ತುಂಬಾ ದಿನ ಬೇಕು. ಅವತ್ತಿನಿಂದ ನಾನು ಅಂಥ ಕುತ್ತಿಗೆಯನ್ನು ಜೋರಾಗಿ ಮುಟ್ಟಿಲ್ಲ.

ಹಾಗಾಗಿ ಕಿತ್ತ ಚರ್ಮ ಪೂರ್ತಿ ಮಾಯುವವರೆಗೆ ಅಲ್ಲಿ ಏನನ್ನೂ ಉಜ್ಜಬೇಡಿ. ಬಿಸಿನೀರಿನ ಚೀಲವೂ ಬೇಡ. ಆ ಭಾಗ ಮರಗಟ್ಟಿರುತ್ತದೆ, ಸುಟ್ಟರೂ ಗೊತ್ತಾಗುವುದಿಲ್ಲ. ಕ್ಷೌರದಂಗಡಿಯಲ್ಲಿ ಕುತ್ತಿಗೆಯನ್ನು ಲಟಕ್ ಅನಿಸುತ್ತಾರಲ್ವಾ, ಅದನ್ನು ಜನ್ಮದಲ್ಲೇ ಮಾಡಿಸಬೇಡಿ. ಕರೆಂಟ್ ಕೊಟ್ಟ ಕುತ್ತಿಗೆಯಲ್ಲಿ ತಲೆಗೆ ಹೋಗುವ ದೊಡ್ಡ ರಕ್ತನಾಳ ವರ್ಷ ಕಳೆದ ಹಾಗೆ ಒಳಗೇ ಕಿರಿದಾಗಿರಬಹುದು.

ಮಾಡಬೇಕಾದದ್ದು ಇದು. ಬೆಳಿಗ್ಗೆ ಸ್ನಾನ ಆದ ಕೂಡಲೇ, ಚರ್ಮ ಮೆತ್ತಗಿರುವಾಗ, ಸ್ಟೂಲಿನ ಮೇಲೆ ನೆಟ್ಟಗೆ ಕುಳಿತುಕೊಳ್ಳಿ. ಎಡಗೈಯಲ್ಲಿ ಸ್ಟೂಲಿನ ಅಂಚು ಹಿಡಿಯಿರಿ. ತಲೆಯನ್ನು ಮೆಲ್ಲಗೆ ಬಲ ಹೆಗಲ ಕಡೆಗೆ ವಾಲಿಸಿ. ಎಡಬದಿ ಎಳೆದ ಹಾಗೆ ಆಗುತ್ತದೆ. ಅಲ್ಲೇ ನಿಲ್ಲಿಸಿ, ನೋವು ಬರುವವರೆಗೆ ಹೋಗಬೇಡಿ. 30 ಎಣಿಸಿ, ಉಸಿರು ಕಟ್ಟಬೇಡಿ. ಹೀಗೆ ಮೂರು ಸಲ. ಆಮೇಲೆ ಎಡಕ್ಕೆ, ಬಲಕ್ಕೆ ತಿರುಗಿ ಅಷ್ಟೇ ಹೊತ್ತು ನಿಲ್ಲಿ. ಕೊನೆಗೆ ಬಾಯಿ ಮುಚ್ಚಿಕೊಂಡು ಗಲ್ಲ ಮೇಲೆತ್ತಿ. ದಿನಕ್ಕೆ ಮೂರು-ನಾಲ್ಕು ಸಲ ಆಗಬೇಕು. ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಕಾಯುವಾಗ ಇಂಜಿನ್ ಬಂದ್ ಮಾಡಿ ಸೀಟಿನಲ್ಲೇ ತಿರುಗುವುದನ್ನು ಮಾಡಬಹುದು. ತಲೆ ತಿರುಗಿದರೆ, ಕಣ್ಣು ಕತ್ತಲಾದರೆ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಮಣಿಪಾಲ, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗ ಇದೆ. ಒಂದು ಸಲ ಹೋಗಿ ಅವರ ಎದುರೇ ಮಾಡಿ ತೋರಿಸಿ, ಹೆಗಲನ್ನೂ ನೋಡಿಸಿ. ಗಂಟು ತೆಗೆದ ಮೇಲೆ ತುಂಬಾ ಜನರಿಗೆ ಆ ಬದಿಯ ಕೈ ಮೇಲೆತ್ತುವುದು ಕಷ್ಟ ಆಗುತ್ತದೆ.

ಬಾಯಿಗೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ಹಿಡಿಸುವ ಅಭ್ಯಾಸ ಇದೆ. ದಿನ ಕಳೆದಂತೆ ಒಂದೊಂದೇ ಕಡ್ಡಿ ಜಾಸ್ತಿ ಮಾಡುವುದು. ಆದರೆ ಹಲ್ಲು ಅಲುಗಾಡುತ್ತಿದ್ದರೆ ಬೇಡ, ದಂತವೈದ್ಯರಿಗೆ ತೋರಿಸಿದ ಮೇಲೆಯೇ ಶುರು ಮಾಡಿ. ದವಡೆಗೆ ಕರೆಂಟ್ ಕೊಟ್ಟಿದ್ದಾರೆ ಅಂತ ಅವರಿಗೆ ಹೇಳಲೇಬೇಕು. ಹಲ್ಲು ಕಿತ್ತ ಜಾಗದಲ್ಲಿ ಮೂಳೆ ಮಾಯದೆ ಉಳಿದುಬಿಡಬಹುದು.

ಎಲೆ-ಅಡಿಕೆ ಮಾತ್ರ ಅಂತ ಬರೆದಿದ್ದೀರಿ. ಅಣ್ಣ, ಅದನ್ನು ಇವತ್ತೇ ಬಿಡಿ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಬಾಯಿಯ ಒಳಚರ್ಮವನ್ನು ನಾರು ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆದೇ ಬದುಕುವ ಊರು ನಮ್ಮದು, ನನ್ನ ಅಪ್ಪನ ಮನೆಯಲ್ಲೂ ತೋಟ ಇದೆ. ಆದರೂ ಇದನ್ನು ಹೇಳದೆ ಇರಲಾರೆ.

ಡಾಕ್ಟರ ಹತ್ತಿರ ಹೋದಾಗ ಇನ್ನೆರಡು ವಿಷಯ ಕೇಳಿ. ಕುತ್ತಿಗೆಗೆ ಕರೆಂಟ್ ಆದವರಿಗೆ ಥೈರಾಯ್ಡ್ ಕಡಿಮೆಯಾಗುವುದುಂಟು, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಟಿಎಸ್‌ಎಚ್ ರಕ್ತ ಪರೀಕ್ಷೆ ಬೇಕು. ಗಂಜಿ ತಿಳಿ ಕುಡಿಯುವಾಗ ನೆತ್ತಿಗೆ ಹತ್ತಿ ಕೆಮ್ಮು ಬರುತ್ತಿದ್ದರೆ ಅದನ್ನೂ ಹೇಳಿ, ನುಂಗುವುದಕ್ಕೇ ಬೇರೆ ವ್ಯಾಯಾಮ ಇದೆ. ಈ ಬಿಗಿತಕ್ಕೆ ಕೆಲವರಿಗೆ ಪೆಂಟಾಕ್ಸಿಫಿಲಿನ್ ಮತ್ತು ವಿಟಮಿನ್ ಇ ಮಾತ್ರೆಗಳನ್ನು ತಿಂಗಳುಗಟ್ಟಲೆ ಕೊಡುತ್ತಾರೆ. ಎಲ್ಲರಿಗೂ ಗುಣ ಕಾಣುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯವೂ ಇದೆ. ಮೆಡಿಕಲ್‌ನಲ್ಲಿ ಕೇಳಿ ನೀವೇ ತೆಗೆದುಕೊಳ್ಳಬೇಡಿ.

ಸರಿ ಆಗುತ್ತದಾ ಅಂತ ಕೇಳಿದ್ದೀರಿ. ಕುತ್ತಿಗೆ ಮೊದಲಿನ ಹಾಗೆ ಆಗುವುದಿಲ್ಲ. ಸ್ವಲ್ಪ ಸಡಿಲವಾಗಬಹುದು, ಇನ್ನೂ ಬಿಗಿಯದ ಹಾಗೆ ಹಿಡಿದಿಡಬಹುದು. ಅದಕ್ಕೆ ವ್ಯಾಯಾಮ ಹಲ್ಲುಜ್ಜುವ ಹಾಗೆ ದಿನಾ ಆಗಬೇಕು. ನಾಲ್ಕು ದಿನ ಬಿಟ್ಟರೆ ಕುತ್ತಿಗೆಯೇ ನೆನಪು ಮಾಡುತ್ತದೆ.

ಅಲ್ಲಿಯವರೆಗೆ ರಿವರ್ಸ್ ತೆಗೆಯುವ ಮೊದಲು ಇಳಿದು ನೋಡಿ, ಹೆದ್ದಾರಿ ಪಕ್ಕದಲ್ಲಂತೂ ಖಂಡಿತ. ಇವತ್ತು ಡ್ರೈವರ್ ಸೀಟಿನಲ್ಲಿ ಕುಳಿತು, ಮೈ ತಿರುಗಿಸದೆ ಕುತ್ತಿಗೆ ಮಾತ್ರ ತಿರುಗಿಸಿದರೆ ಹಿಂದಿನ ಸೀಟು ಎಲ್ಲಿಯವರೆಗೆ ಕಾಣುತ್ತದೆ ಅಂತ ನೋಡಿ, ಅಲ್ಲೊಂದು ಟೇಪ್ ಅಂಟಿಸಿ. ಮೂರು ತಿಂಗಳು ಬಿಟ್ಟು ಟೇಪ್ ದಾಟಿ ಎಷ್ಟು ಕಾಣುತ್ತದೆ ಅಂತ ನನಗೆ ಬರೆಯಿರಿ.
– ಫಿಸಿಯೋಥೆರಪಿಸ್ಟ್, ಮಂಗಳೂರು